ಯಾರೂ ಕೂರದ ಹಾಲ್

ಝರಣಾ ಪಾಠಕರ ಮನೆಗೆ ಸೊಸೆಯಾಗಿ ಹೊರಟಾಗ ನೆಂಟರೆಲ್ಲ ಅವಳಿಗೆ ಹೇಳಿದ್ದು ಒಂದೇ ಮಾತು: "ಆ ಮನೇಲಿ ಒಂದು ಸದ್ದಿರಲ್ಲ ಕಣೇ, ನಿನಗೆ ಬೇಜಾರಾಗುತ್ತೆ." ಅತ್ತೆ ವಿನೋದಿನಿಬೆನ್, ಮಾವ ಪ್ರಬೋಧಭಾಯಿ ಇಬ್ಬರಿಗೂ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಆದರೆ ಬಂದ ಮೊದಲ ದಿನವೇ ಅವಳಿಗೆ ಗೊತ್ತಾಯಿತು, ಅಂಥ ಗದ್ದಲದ ಮನೆಯನ್ನು ತಾನು ಜನ್ಮದಲ್ಲಿ ನೋಡಿಲ್ಲ ಎಂದು. ಅತ್ತೆ ಪಾತ್ರೆ ಇಟ್ಟರೆ ಧಡ್ ಎನ್ನುತ್ತಿತ್ತು. ಮಾವ ಬಾಗಿಲು ಹಾಕಿದರೆ ಗೋಡೆಯ ಕ್ಯಾಲೆಂಡರ್ ಅಲುಗುತ್ತಿತ್ತು. ಒಬ್ಬರನ್ನೊಬ್ಬರು ಕರೆಯಬೇಕಾದರೆ ನೆಲಕ್ಕೆ ಕಾಲು ಬಡಿಯುವರು, ಇಲ್ಲವೇ ಮೇಜು ಗುದ್ದುವರು. ಮಾವ ನಗಲು ಶುರು ಮಾಡಿದರೆ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡುವರು.

ಆಗ ಅವರು ವಡೋದರಾದ ವಾಡಿ ಬಡಾವಣೆಯಲ್ಲಿ ಒಂದು ಹಳೇ ಬಾಡಿಗೆ ಮನೆಯಲ್ಲಿದ್ದರು. ಮುಂದಿನ ಕೋಣೆಯಲ್ಲಿ ಸಂಖೇಡಾ ಊರಿನ ಕುರ್ಚಿಗಳು, ಕಡೆದ ಕಾಲುಗಳಿಗೆ ಕೆಂಪು ಅರಗು ಬಳಿದು ಚಿನ್ನದ ಬಣ್ಣದ ಬಳ್ಳಿ ಬಿಡಿಸಿದ್ದವು, ಗೋಡೆಗೆ ಒಂದು ಮಂಚ, ನೆತ್ತಿಯ ಮೇಲೆ ಒಂದು ಟ್ಯೂಬ್‌ಲೈಟು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಕಾಲು ಮಡಚಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ಆ ಇಕ್ಕಟ್ಟಿನಲ್ಲೇ ಸಂಜೆಯಿಡೀ ಕೈಮಾತು ನಡೆಯುತ್ತಿತ್ತು. ಭಾನುವಾರ ಬಂತೆಂದರೆ ಮಾವನ ಹಳೆಯ ಗೆಳೆಯ ಮಹಿಪತಭಾಯಿ ಫಾಫ್ಡಾ-ಜಲೇಬಿ ಕಟ್ಟಿಸಿಕೊಂಡು ನಾಲ್ಕೈದು ಜನರ ಜೊತೆ ಬರುವರು. ಅವರಿಗೂ ಕಿವಿ ಕೇಳದು. ಮಹಿಪತಭಾಯಿ ಎದ್ದು ನಿಂತು, ತಾನು ಒಂದು ಕಾಲದಲ್ಲಿ ರೈಲಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಕಥೆಯನ್ನು ಟಿ.ಸಿ.ಯ ಹೊಟ್ಟೆ ಸಮೇತ ಅಭಿನಯಿಸಿ ತೋರಿಸಿದರೆ, ಝರಣಾಗೆ ಅರ್ಧ ಮಾತು ತಿಳಿಯದಿದ್ದರೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬರುತ್ತಿತ್ತು.

ಉಳಿದರ್ಧವನ್ನು ಗಂಡ ಉನ್ಮೇಶ್ ತಿಳಿಸುತ್ತಿದ್ದ. ಅವನಿಗೆ ಕಿವಿ ಚೆನ್ನಾಗಿ ಕೇಳುತ್ತದೆ; ಆದರೆ ಅವನೂ ಅವನ ತಂಗಿ ಪಾರುಲ್‌ಳೂ ಮೊದಲು ಆಡಿದ್ದು ಕೈಮಾತು, ಆಮೇಲೆ ಬಾಯಿಮಾತು. ಗಂಡ ಮಧ್ಯದಲ್ಲಿದ್ದುದರಿಂದ ಝರಣಾ ಸ್ವಲ್ಪ ಸೋಮಾರಿಯಾದಳು. ಊಟ, ನೀರು, ಮಾರುಕಟ್ಟೆ, ಜ್ವರ, ಇಷ್ಟಕ್ಕೆ ಬೇಕಾದ ಸನ್ನೆ ಕಲಿತಳು. ಹೆಚ್ಚಿನದಕ್ಕೆ ತುಟಿಯನ್ನು ನಿಧಾನವಾಗಿ ಆಡಿಸುತ್ತಿದ್ದಳು, ಅತ್ತೆ ಊಹಿಸಿಕೊಳ್ಳುತ್ತಿದ್ದರು. ಅತ್ತೆ ಅವಳಿಗೆ ಇಟ್ಟ ಹೆಸರು, ಬೆರಳಿನಿಂದ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳುವ ಸನ್ನೆ. ಶಾಲೆಯಲ್ಲಿ ಗಣಿತ ಪಾಠ ಮಾಡುವಾಗಲೂ ಅವಳು ಮಾತಿಗೊಮ್ಮೆ ಹಾಗೆ ಮಾಡುತ್ತಿದ್ದುದು ನಿಜವೇ.

ಗೋತ್ರಿ ರಸ್ತೆಯಲ್ಲಿ ಹೊಸ ಫ್ಲ್ಯಾಟ್ ಕೊಂಡಾಗ ವಿನೋದಿನಿಬೆನ್ ಖಾಲಿ ಮನೆಯ ನಡುವೆ ನಿಂತು ಎರಡು ಕೈಯಿಂದ ಮನೆಯನ್ನು ಎರಡು ಭಾಗ ಮಾಡಿದರು. "ಅಡಿಗೆಮನೆ ನಂದು. ಹಾಲ್ ನಿಂದು. ನಾನು ಬಾಯಿ ಹಾಕಲ್ಲ."

"ಮಮ್ಮಿ ಕೈ ಹಾಕಲ್ಲ ಅನ್ಬೇಕಿತ್ತು," ಎಂದ ಉನ್ಮೇಶ್.

ಹಾಲ್ ಎಂದರೆ ಝರಣಾಗೆ ಎಷ್ಟು ಆಸೆ ಎಂದು ಅತ್ತೆಗೆ ಗೊತ್ತಿತ್ತು. ಅವಳ ತವರು ದಾಹೋದ್. ಅಪ್ಪನದು ಧಾನ್ಯದ ವ್ಯಾಪಾರ. ಆ ಮನೆಯ ಹಾಲ್‌ನಲ್ಲಿ ಸೂರಿನವರೆಗೆ ಜೋಳದ ಮೂಟೆ. ಗೆಳತಿಯರು ಬಂದರೆ ಮೆಟ್ಟಿಲ ಮೇಲೆ ಕೂರಬೇಕು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಪಕ್ಕದ ಮನೆಯಲ್ಲೇ ಚಹಾ ಕೊಟ್ಟಿದ್ದರು. ಹಾಗಾಗಿ ತನ್ನದೇ ಆದ ಹಾಲ್ ಒಂದು ಸಿಕ್ಕಿದ್ದೇ ತಡ, ಅವಳು ಶಾಲೆಯಿಂದ ನೇರ ಅಂಗಡಿಗಳಿಗೆ ಹೋದಳು. ಬಡಗಿಯನ್ನು ನಿದ್ದೆ ಮಾಡಗೊಡಲಿಲ್ಲ. ದೊಡ್ಡ ಪಶ್ಚಿಮದ ಕಿಟಕಿಗೆ ಬೆನ್ನು ಮಾಡಿ ಉದ್ದನೆಯ ಬೂದುಬಣ್ಣದ ಸೋಫಾ, ಎದುರು ಗೋಡೆಗೆ ಟಿ.ವಿ. ಒಂದು ಗೋಡೆ ತುಂಬ ಬಾಳೆಲೆ, ಜರೀಗಿಡದ ಚಿತ್ರವಿದ್ದ ಕಾಗದ. ಕೆಳಕ್ಕಿಳಿಸಿದ ಛಾವಣಿಯ ಅಂಚಿನಲ್ಲಿ ಅಡಗಿದ ಹಳದಿ ದೀಪಗಳು. ಕಾಲು ಹೂತುಹೋಗುವಷ್ಟು ದಪ್ಪ ಜಮಖಾನ. ನಡುವಿನ ಮೇಜಿನ ಮೇಲೆ ಎತ್ತರದ ಹಿತ್ತಾಳೆ ಹೂಜಿ, ಅದರಲ್ಲಿ ಒಣಹುಲ್ಲಿನ ಬಿಳಿ ತೆನೆಗಳು. ಅಡಿಗೆಮನೆ ಕಾಣದ ಹಾಗೆ ಮರದ ಜಾಲಿಯ ಮರೆ. ಬಾಲ್ಕನಿಯ ಬಾಗಿಲಲ್ಲಿ ಒಂದು ತೂಗುಯ್ಯಾಲೆ. ಸಂಖೇಡಾ ಕುರ್ಚಿಗಳು ಆ ಬೂದುಬಣ್ಣಕ್ಕೆ ಹೊಂದುವುದಿಲ್ಲ ಎಂದು ಅತ್ತೆ-ಮಾವನ ಕೋಣೆಗೆ ಹೋಗಿ ಒಂದರ ಮೇಲೊಂದು ಕೂತವು.

ದೀಪಾವಳಿಗೆ ಮುಂಚೆ ಗೃಹಪ್ರವೇಶವಾಯಿತು. ಬಂದವರೆಲ್ಲ ಹಾಲ್ ನೋಡಿ ಮೂಗಿನ ಮೇಲೆ ಬೆರಳಿಟ್ಟರು. ವಿನೋದಿನಿಬೆನ್ ಹೆಬ್ಬೆರಳು ತೋರುಬೆರಳು ಸೇರಿಸಿ, "ಬಹಳ ಚಂದ, ಬಹಳ ಚಂದ," ಎಂದರು. ಝರಣಾಗೆ ಅವತ್ತು ಹೊಟ್ಟೆ ತುಂಬಿತು.

ಆಮೇಲೆ ಮನೆ ನಿಜವಾಗಿಯೂ ನಿಶ್ಶಬ್ದವಾಯಿತು.

ಮೊದಮೊದಲು ಅವಳು ಗಮನಿಸಲಿಲ್ಲ. ಶಾಲೆಯಿಂದ ಬಂದರೆ ಹಾಲ್ ಖಾಲಿ. ಸೋಫಾದ ಮೇಲಿನ ದಿಂಬುಗಳು ಬೆಳಿಗ್ಗೆ ಅವಳು ಇಟ್ಟ ಹಾಗೆಯೇ ಇರುತ್ತಿದ್ದವು. ಅತ್ತೆ-ಮಾವ ಅಡಿಗೆಮನೆಯಲ್ಲಿ ಗ್ಯಾಸ್ ಕಟ್ಟೆಗೂ ಫ್ರಿಜ್‌ಗೂ ನಡುವೆ ಎರಡು ಸಣ್ಣ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು. "ಇಲ್ಲಿ ಯಾಕೆ, ಹಾಲ್‌ಗೆ ಬನ್ನಿ," ಎಂದರೆ ಬರುವರು. ಸೋಫಾದಲ್ಲಿ ಸಾಲಾಗಿ, ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುವವರಂತೆ, ಕೈ ತೊಡೆಯ ಮೇಲಿಟ್ಟುಕೊಂಡು ಟಿ.ವಿ. ನೋಡುವರು. ಸ್ವಲ್ಪ ಹೊತ್ತಿಗೆ ಮಾವ ನೀರು ಕುಡಿಯಬೇಕೆಂದು ಏಳುವರು. ಅತ್ತೆ ಹಾಲು ನೋಡಬೇಕೆಂದು ಏಳುವರು. ಇಬ್ಬರೂ ವಾಪಸ್ ಬರುತ್ತಿರಲಿಲ್ಲ.

ಒಂದು ಭಾನುವಾರ ಝರಣಾಳ ತಾಯಿ ರಶ್ಮಿಬೆನ್ ದಾಹೋದ್‌ನಿಂದ ಬಂದಿದ್ದರು. ಅದೇ ಬೆಳಿಗ್ಗೆ ಮಹಿಪತಭಾಯಿಯ ತಂಡ ಬಂತು. ಎಲ್ಲರೂ ಹಾಲ್ ನೋಡಿ ಮೆಚ್ಚಿದರು, ಸೋಫಾ ಒತ್ತಿ ನೋಡಿದರು, ಕೂತರು. ಮಹಿಪತಭಾಯಿ ಏನೋ ಹೇಳಲು ಎದ್ದು ನಿಂತರು, ಎರಡು ಹೆಜ್ಜೆ ಆ ಕಡೆ ಇಟ್ಟರು, ಎರಡು ಹೆಜ್ಜೆ ಈ ಕಡೆ ಇಟ್ಟರು, ಕಣ್ಣು ಕಿರಿದು ಮಾಡಿದರು, ಮತ್ತೆ ಕೂತುಬಿಟ್ಟರು. ಝರಣಾ ಚಹಾದ ತಟ್ಟೆ ಹಿಡಿದು ಬರುವ ಹೊತ್ತಿಗೆ ಹಾಲ್‌ನಲ್ಲಿ ಅವಳ ತಾಯಿ ಒಬ್ಬರೇ ಇದ್ದರು. ಮಿಕ್ಕವರೆಲ್ಲ ಅಡಿಗೆಮನೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ಬಿಸಿ ಬಾಣಲೆಯ ಪಕ್ಕದಲ್ಲೇ ಹರಟೆ ಹೊಡೆಯುತ್ತಿದ್ದರು.

"ಇದೇನೇ ಇದು?" ಎಂದರು ರಶ್ಮಿಬೆನ್ ಮೆಲ್ಲಗೆ. "ರಾಜರ ಮನೆ ಥರ ಸೋಫಾ ಹಾಕಿದೀಯ, ಹೋಗಿ ಒಲೆ ಹತ್ರ ನಿಂತಿದಾರೆ. ನೀನು ಮಾಡಿದ್ದು ಬೇಡ ಅಂತ ತೋರಿಸ್ತಿದಾರೆ ನೋಡು. ಆ ಕುರ್ಚಿ ಒಳಗೆ ತಳ್ಳಿದೆಯಲ್ಲ, ಅದಕ್ಕೇ."

"ಸುಮ್ನಿರಮ್ಮ, ಅವರಿಗೆ ಕೇಳಿಸುತ್ತೆ," ಎಂದವಳು ತಾನೇನು ಹೇಳಿದೆ ಎಂದು ಹೊಳೆದು ನಾಚಿದಳು. ಆದರೆ ತಾಯಿಯ ಮಾತು ಎದೆಯಲ್ಲಿ ಉಳಿಯಿತು. ಮಾರನೇ ದಿನ ಒಂದು ಸಂಖೇಡಾ ಕುರ್ಚಿಯನ್ನು ಹೊರಗೆ ತಂದು ಸೋಫಾದ ಪಕ್ಕದಲ್ಲಿ, ಟಿ.ವಿ.ಗೆ ಮುಖ ಮಾಡಿ ಹಾಕಿದಳು. ಅತ್ತೆ ಅದರ ಕೈಯನ್ನು ಸವರಿದರು, ಸೊಸೆಯ ಗಲ್ಲ ತಟ್ಟಿದರು, ಅಡಿಗೆಮನೆಗೆ ಹೋದರು.

ಮುಂದಿನ ಭಾನುವಾರ ಯಾರೂ ಬರಲಿಲ್ಲ. ಮಾವನೇ ಮಹಿಪತಭಾಯಿಯ ಮನೆಗೆ ಹೋದರು. ಅದೇ ವಾರ ಉನ್ಮೇಶ್ ಕೆಲಸದ ಪಾಳಿ ಮುಗಿಸಿ ಬಂದು ಶೂ ಬಿಚ್ಚುತ್ತಾ ಹೇಳಿದ, "ಮಮ್ಮಿ ಪಪ್ಪಾ ಭರೂಚ್‌ಗೆ ಹೋಗ್ತಾರಂತೆ. ಪಾರುಲ್ ಮನೆಗೆ."

"ಎಷ್ಟು ದಿನಕ್ಕೆ?"

"ಹೇಳ್ಲಿಲ್ಲ. ಉತ್ತರಾಯಣ ಅಲ್ಲೇ ಮಾಡ್ತೀವಿ ಅಂದ್ರು. ಆಮೇಲೆ ನೋಡೋಣ ಅಂದ್ರು."

"ಗಾಳಿಪಟದ ಹಬ್ಬಕ್ಕೆ ಇಲ್ಲಿ ನಮ್ಮ ಮಹಡಿ ಬಿಟ್ಟು ಅಲ್ಲಿಗೆ ಯಾಕೆ ಹೋಗ್ತಾರೆ? ಏನಾದ್ರೂ ಅಂದ್ರಾ ನನ್ನ ಬಗ್ಗೆ?"

"ಏನೂ ಅನ್ಲಿಲ್ಲ ಮಾರಾಯ್ತಿ. ಮಗಳನ್ನ ನೋಡ್ಬೇಕು ಅನ್ಸಿದೆ, ಅಷ್ಟೆ."

ಝರಣಾಗೆ ಊಟ ಸೇರಲಿಲ್ಲ. ಹೊಸ ಮನೆ ಕಟ್ಟಿಕೊಂಡು ಅತ್ತೆ-ಮಾವನನ್ನು ಓಡಿಸಿದಳು ಎಂದು ಜನ ಆಡಿಕೊಳ್ಳುತ್ತಾರೆ, ಅದು ಒಂದು. ಅದಕ್ಕಿಂತ ದೊಡ್ಡದು, ಆ ಇಬ್ಬರು ಅವಳಿಗೆ ನಿಜಕ್ಕೂ ಬೇಕಾಗಿದ್ದರು. ಅತ್ತೆಯನ್ನು ಕೇಳಿದಳು, ತುಟಿ ಆಡಿಸಿ, "ಮಮ್ಮಿ, ಕೋಪಾನಾ?" ಅತ್ತೆ ತಲೆ ಅಲ್ಲಾಡಿಸಿ, ಬೇರೆ ಏನೋ ಉದ್ದವಾಗಿ ಹೇಳಿದರು. ಹಿಟ್ಟು ಮೆತ್ತಿದ ಬೆರಳುಗಳು ಬಹಳ ಬೇಗ ಓಡಿದವು. ಝರಣಾಗೆ ಅರ್ಥವಾಗಲಿಲ್ಲ. ಅರ್ಥವಾದಂತೆ ತಲೆಯಾಡಿಸಿದಳು.

ಇಷ್ಟರ ನಡುವೆ ಅವಳ ಗಂಟಲು ಕೈಕೊಟ್ಟಿತು. ದೀಪಾವಳಿಗೆ ಮುಂಚಿನಿಂದಲೂ ಧ್ವನಿ ಒಡೆದಿತ್ತು. ತರಗತಿಯಲ್ಲಿ ಕೂಗಿ ಕೂಗಿ ಹೀಗಾಗಿದೆ ಎಂದು ಅರಿಶಿನದ ಹಾಲು ಕುಡಿಯುತ್ತಿದ್ದಳು. ಒಂದು ಬೆಳಿಗ್ಗೆ ಹಾಜರಿ ಕರೆಯಲು ಬಾಯಿ ತೆಗೆದರೆ ಬರೀ ಗಾಳಿ ಬಂತು. ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ಧ್ವನಿತಂತುವಿನ ಮೇಲೆ ಸಣ್ಣ ಗಂಟು ಇದೆ ಎಂದರು.

"ಮಾತು ಪೂರ್ತಿ ಬಂದ್ ಮಾಡಿ. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಹೆಚ್ಚಿನ ಸಲ ಇದು ವಿಶ್ರಾಂತಿಗೇ ಕರಗುತ್ತೆ. ಕರಗದಿದ್ರೆ ತೆಗೆದು ಪರೀಕ್ಷೆಗೆ ಕಳಿಸೋಣ."

ಪರೀಕ್ಷೆಗೆ ಎಂದ ಕೂಡಲೇ ಝರಣಾ ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿದಳು. ಯಾಕೆ ಪರೀಕ್ಷೆ, ಏನು ಪರೀಕ್ಷೆ ಎಂದು ಕೇಳುವ ಹಾಗೂ ಇರಲಿಲ್ಲ. ಉನ್ಮೇಶ್ ಕೇಳಿದ, ಡಾಕ್ಟರು ಹೆದರಬೇಡಿ ಎಂದರು. ಹೆದರಬೇಡಿ ಎಂದರೆ ಯಾರು ಹೆದರುವುದಿಲ್ಲ?

ಅವತ್ತು ಸಂಜೆ ಗಂಡ ಹೆಂಡತಿ ಹಾಲ್‌ನಲ್ಲಿ ಕೂತಿದ್ದರು. ಕ್ರಿಕೆಟ್ ನಡೆಯುತ್ತಿತ್ತು. ಝರಣಾಗೆ ಅವನಿಗೆ ಹೇಳುವುದು ಬೇಕಾದಷ್ಟಿತ್ತು, ಗಂಟಲಿನ ಭಯ, ಭರೂಚ್‌ನ ವಿಷಯ. ಕೈಯೆತ್ತಿ ಶುರು ಮಾಡಿದಳು. ಉನ್ಮೇಶ್ ಟಿ.ವಿ. ನೋಡುತ್ತಿದ್ದ. ಪಕ್ಕದಲ್ಲೇ ಇದ್ದರೂ ಅವನಿಗೆ ಅವಳ ಕೈ ಕಾಣಲಿಲ್ಲ. ಕಾಲು ಬಡಿದಳು, ಜಮಖಾನ ಅದನ್ನು ನುಂಗಿತು. ಕೊನೆಗೆ ದಿಂಬು ತೆಗೆದು ತಲೆಗೆ ಎಸೆದಳು.

"ಅಯ್ಯೋ! ಏನು?"

ಮತ್ತೆ ಮೊದಲಿಂದ ಶುರು ಮಾಡಿದಳು. ಅವನು ಕತ್ತು ತಿರುಗಿಸಿ ನೋಡಿದ, ಕಣ್ಣಿಗೆ ಕೈ ಅಡ್ಡ ಹಿಡಿದ. "ನಿನ್ನ ಹಿಂದೆ ಸೂರ್ಯ ಹೊಡೀತಿದೆ, ಬರೀ ಕಪ್ಪು ಕಾಣುತ್ತೆ. ಆ ಕಡೆ ಹೋಗು."

ಅವಳು ಎದ್ದು ಮೇಜಿನ ಆಚೆ ನಿಂತಳು.

"ಹೂಜಿ ಅಡ್ಡ ಬಂತು."

ಗೋಡೆಯ ಪಕ್ಕಕ್ಕೆ ಸರಿದಳು. ಪರದೆ ಎಳೆದು, ಹಳದಿ ದೀಪ ಹಾಕಿ, ಮೂರನೇ ಸಲ ಶುರು ಮಾಡಿದಳು.

"ಮಮ್ಮಿ... ಏನದು, ಉಪ್ಪಿನಕಾಯಾ? ಮಮ್ಮಿ ಜೊತೆ ಉಪ್ಪಿನಕಾಯಿ ಕಳಿಸ್ಬೇಕಾ? ಆ ಎಲೆ ಚಿತ್ರದ ಮುಂದೆ ನಿಂತ್ರೆ ನಿನ್ನ ಬೆರಳೇ ಸಿಗಲ್ಲ ಝರಣಾ. ಬಾ, ಅಡಿಗೆಮನೆಗೆ ಹೋಗೋಣ, ಅಲ್ಲಿ ಸರಿಯಾಗಿ ಕಾಣುತ್ತೆ."

ಅಷ್ಟು ಹೇಳಿ ಅವನು ಎದ್ದು ನಡೆದೇಬಿಟ್ಟ. ತಾನು ಹೇಳಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ನೀರಲ್ಲೇ ಹುಟ್ಟಿದ ಮೀನು, ಅವನಿಗೆ ನೀರಿನ ಯೋಚನೆ ಯಾವತ್ತೂ ಬಂದಿರಲಿಲ್ಲ. ಝರಣಾ ಮಾತ್ರ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನಿಂತಳು.

ಜಾಲಿಯ ಮರೆ ದಾಟಿ ಅಡಿಗೆಮನೆಯ ಬಾಗಿಲಿಗೆ ಬಂದಳು. ಒಳಗೆ ಬಿಳಿ ಟ್ಯೂಬ್‌ಲೈಟು, ಬರಿಯ ತಿಳಿಬಣ್ಣದ ಹೆಂಚು ಹಾಕಿದ ಗೋಡೆ. ಅತ್ತೆ, ಮಾವ ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರುಬದುರು ಕೂತಿದ್ದರು. ಅತ್ತೆ ಅವರೆ ಸಿಪ್ಪೆ ಬಿಡಿಸುತ್ತಾ ಅರ್ಧ ಮಾತು, ಕೈ ಬಿಡುವಾದಾಗ ಪೂರ್ತಿ ಮಾತು. ಮಾವ ಕೆಳಗಿನ ಮನೆಯ ಕಾವಲುಗಾರ ನಾಯಿ ಅಟ್ಟುವುದನ್ನು ಮಾಡಿ ತೋರಿಸುತ್ತಿದ್ದರು. ಉನ್ಮೇಶ್ ಫ್ರಿಜ್‌ಗೆ ಒರಗಿ ನಿಂತು ನಡುವೆಯೇ ಸೇರಿಕೊಂಡಿದ್ದ. ವಾಡಿಯ ಮನೆಯ ಮುಂದಿನ ಕೋಣೆಯೇ ಇಲ್ಲಿ ಬಂದು ಸ್ಟೂಲು ಹಾಕಿಕೊಂಡಂತಿತ್ತು.

ಝರಣಾ ನೆಲಕ್ಕೆ ಕಾಲು ಬಡಿದಳು. ಮೂವರೂ ತಿರುಗಿದರು.

"ಮಮ್ಮಿ," ಎಂದಳು ಕೈಯಲ್ಲಿ, ತಪ್ಪು ಮಾಡುತ್ತ, ತಿದ್ದಿಕೊಳ್ಳುತ್ತ. "ಹಾಲ್‌ನಲ್ಲಿ ಮಾತು ಕಾಣಲ್ವಾ?"

ವಿನೋದಿನಿಬೆನ್‌ರ ಕೈ ನಿಂತಿತು. ಗಂಡನ ಮುಖ ನೋಡಿದರು. ಪ್ರಬೋಧಭಾಯಿ ಛಾವಣಿ ನೋಡಿದರು.

"ಹೇಳಿ."

"ಹಾಲ್ ಚೆನ್ನಾಗಿದೆ," ಎಂದರು ಅತ್ತೆ.

"ಚೆನ್ನಾಗಿದೆ ಅಂತ ಗೊತ್ತು. ಕಾಣುತ್ತಾ?"

ಅತ್ತೆ ಅವರೆಯ ಬುಟ್ಟಿ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು. ಈ ಸಲ ಸೊಸೆಗೆ ತಿಳಿಯುವಷ್ಟು ನಿಧಾನವಾಗಿ ಹೇಳಿದರು. "ಕಾಣಲ್ಲ ಮಗಳೇ. ಪಕ್ಕ ಪಕ್ಕ ಕೂತ್ರೆ ಕತ್ತು ನೋಯುತ್ತೆ. ಸಂಜೆ ಕಣ್ಣು ಕುಕ್ಕುತ್ತೆ, ರಾತ್ರಿ ಕಣ್ಣಿಗೆ ಮಂಕು. ಇವರು ಹಿಂದಿನಿಂದ ಕರೆದ್ರೂ ನನಗೆ ತಿಳಿಯಲ್ಲ, ಆ ಜಮಖಾನ ಹತ್ತಿಯ ಮೂಟೆ ಇದ್ದ ಹಾಗಿದೆ. ಆದ್ರೆ ನೀನು ಎಷ್ಟು ಆಸೆಪಟ್ಟು ಮಾಡಿದ್ದೆ. ಹಾಲ್ ನಿಂದು ಅಂತ ನಾನೇ ಹೇಳಿದ್ದೆ. ಹೇಗೆ ಹೇಳಲಿ? ಮೊನ್ನೆ ಹೇಳಿದೆ, ನೀನು ಆಯ್ತು ಆಯ್ತು ಅಂತ ತಲೆ ಆಡಿಸಿ ಹೋದೆ."

"ನನಗೆ ಅರ್ಥ ಆಗಿರ್ಲಿಲ್ಲ."

"ಅದೂ ಗೊತ್ತಿತ್ತು," ಎಂದರು ಅತ್ತೆ.

"ಭರೂಚ್? ಕೋಪ ಮಾಡ್ಕೊಂಡಾ?"

"ಕೋಪ ಎಂಥದು! ಪಾರುಲ್ ಮನೆ ಹಾಲ್ ಬೆಂಕಿಪೊಟ್ಟಣದಷ್ಟಿದೆ. ಎಲ್ಲರೂ ಮುಖಕ್ಕೆ ಮುಖ ಕೊಟ್ಟು ಕೂರ್ತಾರೆ. ಒಂದಷ್ಟು ದಿನ ಹೊಟ್ಟೆ ತುಂಬ ಮಾತಾಡಿ ಬರೋಣ ಅಂತ."

ಝರಣಾ ಅಲ್ಲೇ ಬಾಗಿಲಿಗೆ ಒರಗಿ ಅತ್ತಳು. ಧ್ವನಿ ಇಲ್ಲದ ಅಳು. ಅಳುತ್ತಲೇ ನಗು ಬಂತು. ಎದೆಯ ಮೇಲೆ ಇಷ್ಟು ದಿನ ಕೂತಿದ್ದ ಭಾರ ಇಳಿದು ಹೋಯಿತು. ತನ್ನನ್ನು ಯಾರೂ ಬೇಡವೆಂದಿರಲಿಲ್ಲ. ಬೇಡವಾಗಿದ್ದುದು ಒಂದು ಸೋಫಾ ಮತ್ತು ಒಂದು ಹೂಜಿ.

ಪ್ರಬೋಧಭಾಯಿ ಆಗ ನಡುವೆ ಕೈಯೆತ್ತಿದರು. "ಇಷ್ಟು ದಿನಕ್ಕೆ ಇವತ್ತು ನೀನು ಉದ್ದ ಮಾತಾಡಿದೆ. ಗಂಟಲು ಇನ್ನೂ ಮೊದಲೇ ಕೆಡಬಾರದಿತ್ತಾ?"

ವಿನೋದಿನಿಬೆನ್ ಗಂಡನ ತೊಡೆಗೆ ಒಂದು ಏಟು ಕೊಟ್ಟರು.

ಮಾರನೇ ದಿನದಿಂದ ಕೆಲಸ ಶುರುವಾಯಿತು. ಶಾಲೆಗೆ ರಜೆ ಹಾಕಿದ್ದಳು, ಬೇರೆ ಕೆಲಸವೂ ಇರಲಿಲ್ಲ. ಬಡಗಿಯನ್ನು ಕರೆಸಿದರೆ, ಈ ಅಕ್ಕನ ಬಾಯಿ ಬಂದ್ ಆಗಿರುವುದು ನೋಡಿ ಅವನಿಗೆ ಸ್ವಲ್ಪ ಖುಷಿಯೇ ಆಯಿತು. ಆದರೆ ಅವಳ ಬದಲು ಮೂರು ಜನ ಕೈಬೀಸಿ ಅಪ್ಪಣೆ ಕೊಡತೊಡಗಿದಾಗ ಆ ಖುಷಿ ಉಳಿಯಲಿಲ್ಲ. ಉದ್ದ ಸೋಫಾವನ್ನು ಬಿಚ್ಚಿ ಮೂರು ತುಂಡು ಮಾಡಿಸಿದರು. ಕಿಟಕಿಗೆ ಬೆನ್ನು ಕೊಡದೆ, ಕಿಟಕಿಯ ಬೆಳಕು ಪಕ್ಕದಿಂದ ಎಲ್ಲರ ಮೇಲೂ ಬೀಳುವಂತೆ ಅರ್ಧವೃತ್ತದಲ್ಲಿ ಹಾಕಿದರು. ಅರ್ಧವೃತ್ತ ಮುಚ್ಚಲು ಸಂಖೇಡಾ ಕುರ್ಚಿಗಳೇ ಬೇಕಾಯಿತು. ಹಗುರ ಮರ, ಮಾತು ಎಲ್ಲಿಗೆ ತಿರುಗಿದರೆ ಅಲ್ಲಿಗೆ ಎಳೆದುಕೊಳ್ಳಬಹುದು. ಒಂದೊಂದು ಜಾಗದಲ್ಲೂ ಮಾವ ಕೂತು ನೋಡಿದರು. "ನಾನು ಕಾಣ್ತೀನಾ? ಈಗ? ಕಾಲು ಚಾಚಿದ್ರೆ?" ಝರಣಾ ಎದುರು ಕೂತು ಹೌದು, ಇಲ್ಲ ಎನ್ನುತ್ತಿದ್ದಳು. ಬೂದುಬಣ್ಣದ ನಡುವೆ ಕೆಂಪು ಹೇಗೆ ಕಾಣುತ್ತದೋ ಎಂದು ಅವಳಿಗೆ ಅಳುಕಿತ್ತು. ಹಾಕಿದ ಮೇಲೆ ನೋಡಿದರೆ, ಬರೀ ಬೂದು ಇದ್ದಾಗ ಆ ಕೋಣೆಗೆ ಜ್ವರ ಬಂದಂತಿತ್ತು ಎನಿಸಿತು.

ಬಾಳೆಲೆ ಕಾಗದದ ಮೇಲೆ ಜಗಳವಾಯಿತು. ಅದೊಂದು ಇರಲಿ ಎಂದು ಅವಳು ಹಟ ಹಿಡಿದಳು.

"ಆ ಕಾಡಿನ ಮುಂದೆ ನಿಂತು ಮಾತಾಡಿದ್ರೆ ಯಾವುದು ಎಲೆ, ಯಾವುದು ಬೆರಳು?" ಎಂದರು ಅತ್ತೆ.

"ಅದಕ್ಕೆ ಎದುರು ಗೋಡೆ ಹತ್ರ ಕೂರಿ."

"ಅಲ್ಲಿ ಕೂತ್ರೆ, ಎಲೆ ಮುಂದಿನವರ ಮಾತು ನೋಡೋಳು ನಾನೇ ತಾನೆ? ನಿಮ್ಮಪ್ಪನ ಮನೇಲಿ ಮೂಟೆ, ನಿನ್ನ ಮನೇಲಿ ಕಾಡು!"

ಝರಣಾ ಸೋತಳು. ಆದರೆ ಬಣ್ಣ ತಾನೇ ಆರಿಸುತ್ತೇನೆ ಎಂದಳು. ಅತ್ತೆ ಕಿವುಡ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವರು, ಅವರ ಪೆಟ್ಟಿಗೆ ತುಂಬ ರವಿಕೆ ಬಟ್ಟೆಯ ತುಂಡುಗಳಿದ್ದವು. ಅವನ್ನು ತಂದು ಒಂದೊಂದಾಗಿ ಗೋಡೆಗೆ ಅಂಟಿಸಿದರು. ಅತ್ತೆ ಒಂದೊಂದರ ಮುಂದೆಯೂ ನಿಂತು ಖಿಚಡಿ ಮಾಡುವ ವಿಧಾನ ಹೇಳಿದರು, ಸೊಸೆ ಕೋಣೆಯ ಆ ತುದಿಯಿಂದ ನೋಡಿದಳು. ಕೆಂಪಿನ ಮುಂದೆ ಬೇಳೆ ತೊಳೆಯುವುದು ಕಾಣಲಿಲ್ಲ. ಬಿಳಿಯ ಮುಂದೆ ಕಣ್ಣು ದಣಿಯಿತು. ಹಳದಿಯಲ್ಲಿ ಅಂಗೈಯೇ ಮಾಯವಾಯಿತು. ಕೊನೆಗೆ ಮಾಸಲು ನೀಲಿಯ ಒಂದು ತುಂಡಿನ ಮುಂದೆ ಒಗ್ಗರಣೆಯ ಸಾಸಿವೆ ಸಿಡಿಯುವುದು ಕೂಡ ಕಂಡಿತು. ಅದೇ ಬಣ್ಣ ಬಳಿಸಿದರು. ಖಿಚಡಿಯ ಸನ್ನೆಗಳೆಲ್ಲ ಅವಳಿಗೆ ಬಾಯಿಪಾಠ, ಅಲ್ಲ, ಕೈಪಾಠವಾಗಿದ್ದವು.

ಜಾಲಿಯ ಮರೆ ಹೋಯಿತು. ಈಗ ರೊಟ್ಟಿ ಬೇಯಿಸುವವರೂ ಹರಟೆಗೆ ಸೇರಬಹುದು. ಜಮಖಾನ ಮಲಗುವ ಕೋಣೆಗೆ ಹೋಯಿತು. ಛಾವಣಿಗೆ ಬಿಳಿ ದೀಪ ಬಂತು. ಬಾಗಿಲಿಗೆ ಎದುರಾಗಿ ದೊಡ್ಡ ಕನ್ನಡಿ ಹಾಕಿದರು, ಬೆನ್ನು ಮಾಡಿ ಕೂತವರಿಗೂ ಬಂದವರು ಯಾರೆಂದು ಗೊತ್ತಾಗಲಿ ಎಂದು. ಕರೆಗಂಟೆ ಒತ್ತಿದರೆ ಮಿಣುಕುವ ದೀಪವನ್ನು ಅಡಿಗೆಮನೆಯಿಂದ ಹಾಲ್‌ನ ನಡುಗೋಡೆಗೆ ಸರಿಸಿದರು. ಹಿತ್ತಾಳೆ ಹೂಜಿಯನ್ನು ಝರಣಾ ಬಿಟ್ಟುಕೊಡಲಿಲ್ಲ. ಮೂಲೆಯಲ್ಲಿ ನೆಲದ ಮೇಲೆ ಇಟ್ಟಳು, ಅಲ್ಲಿ ಅದು ಮೊದಲಿಗಿಂತ ಚೆನ್ನಾಗಿಯೇ ಕಂಡಿತು. ತೂಗುಯ್ಯಾಲೆಯ ವಿಷಯ ಬಂದಾಗ ಅದನ್ನು ಮಾವನಿಗೆ ಇಷ್ಟವೆಂದು ಅರ್ಧವೃತ್ತದೊಳಕ್ಕೆ ತಿರುಗಿಸೋಣ ಎಂದಳು. ಮಾವ ಕೂತು ತೂಗಿ ನೋಡಿ, ಒಂದು ಕೈಯಿಂದ ಸರಪಳಿ ಹಿಡಿದು ಇನ್ನೊಂದು ಕೈಯಿಂದ ಹೇಳಿದರು:

"ಒಂದು ಕೈ ಇಲ್ಲೇ ಸಿಕ್ಕಿಬಿತ್ತು. ಅರ್ಧ ಮಾತು ನುಂಗಬೇಕು. ನಿಮ್ಮತ್ತೇನ ಕೂರಿಸು, ಮನೆಗೆ ಶಾಂತಿ ಸಿಗುತ್ತೆ."

ಎರಡನೇ ಸಲ ನೋಡಲು ಬಂದ ರಶ್ಮಿಬೆನ್ ಬಾಗಿಲಲ್ಲೇ ನಿಂತರು. "ಅಯ್ಯೋ, ಇದೇನೇ, ಆಫೀಸ್ ಥರ ಬಿಳಿ ಲೈಟು! ಎಲೆ ಗೋಡೆ ಎಲ್ಲಿ? ಅಷ್ಟು ಚೆನ್ನಾಗಿತ್ತಲ್ಲೇ. ಅವರು ಹೇಳಿದ್ರು ಅಂತ ಎಲ್ಲಾ ಕಿತ್ತು ಹಾಕಿದ್ಯಾ?"

ಝರಣಾ ತಾಯಿಯನ್ನು ಕರೆದು ಒಂದು ಕೆಂಪು ಕುರ್ಚಿಯಲ್ಲಿ ಕೂರಿಸಿದಳು. ಅವಳಿಗೆ ಮಾತಾಡುವ ಹಾಗಿರಲಿಲ್ಲ, ಉನ್ಮೇಶ್ ಪಾಳಿಗೆ ಹೋಗಿದ್ದ. ಹೊರಗಿನಿಂದ ಮಹಿಪತಭಾಯಿ ಮತ್ತು ಗೆಳೆಯರು ಬಂದರು, ಕುರ್ಚಿ ಎಳೆದುಕೊಂಡರು. ಮಹಿಪತಭಾಯಿ ಹಾಲ್‌ನ ನಡುವೆ ನಿಂತು ಒಂದು ಸುತ್ತು ತಿರುಗಿದರು, ಎಲ್ಲರ ಮುಖವೂ ಕಂಡಿತು, ತೋಳು ಮೇಲೆ ಮಾಡಿಕೊಂಡರು. ಆಮೇಲೆ ಕಥೆ ಶುರುವಾಯಿತು. ಟಿ.ಸಿ.ಯ ಕಥೆಯಲ್ಲ, ಹೊಸದು, ಮೊಮ್ಮಗಳ ಮದುವೆಯಲ್ಲಿ ಕುದುರೆ ಬೆದರಿ ಮದುಮಗನನ್ನು ಬೇರೆ ಬೀದಿಯ ಮಂಟಪಕ್ಕೆ ಕೊಂಡೊಯ್ದದ್ದು. ಮಹಿಪತಭಾಯಿ ಕುದುರೆಯಾದರು, ಮದುಮಗನಾದರು, ಆ ಇನ್ನೊಂದು ಮಂಟಪದ ಮಾವನಾದರು. ಸುತ್ತ ಕೂತವರೆಲ್ಲ ತೊಡೆ ಬಡಿದು ನಕ್ಕರು. ಬರಿನೆಲಕ್ಕೆ ಕಾಲು ಬಡಿದ ಸದ್ದಿಗೆ ಹೂಜಿಯ ತೆನೆ ಅಲುಗಿತು. ರಶ್ಮಿಬೆನ್ ಎಲ್ಲರನ್ನೂ ನೋಡುತ್ತ, ಒಬ್ಬರೇ ನಗದೆ, ಸೀರೆಯ ಸೆರಗು ತಿರುವುತ್ತ ಕೂತರು.

"ಏನಂತೆ? ಏನಂತೆ ಅವರು?" ಎಂದು ಮಗಳ ಮೊಣಕೈ ತಿವಿದರು. "ನನಗೂ ಸ್ವಲ್ಪ ಹೇಳೇ. ಎಲ್ಲರೂ ನಗ್ತಿದಾರೆ, ನಾನೊಬ್ಬಳು ಗೂಟದ ಹಾಗೆ ಕೂತಿದೀನಿ."

ವಿನೋದಿನಿಬೆನ್ ಆ ಮುಖವನ್ನು ನೋಡಿದರು. ಆ ಮುಖ ಅವರಿಗೆ ಪರಿಚಯದ್ದು. ಮದುವೆ ಮನೆಗಳಲ್ಲಿ, ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಅವರೇ ಎಷ್ಟು ಸಲ ಹಾಗೆ ಕೂತಿದ್ದರೋ. ಎದ್ದು ಹೋಗಿ ಬೀಗಿತಿಯ ಪಕ್ಕದ ಕುರ್ಚಿಗೆ ಬಂದು ಕೂತರು. ಅವರ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಎರಡು ಬೆರಳನ್ನು ಇನ್ನೊಂದು ಅಂಗೈಯ ಮೇಲೆ ಕವಲು ಮಾಡಿ ಕೂರಿಸಿದರು, ಕುದುರೆ ಸವಾರಿ. ಕುದುರೆಯನ್ನು ಕುಣಿಸಿ, ಓಡಿಸಿ, ತೊಡೆಯ ಮೇಲಿಂದ ದೂರ ಕಳಿಸಿದರು. ರಶ್ಮಿಬೆನ್‌ಗೆ ಒಂದು ಕ್ಷಣ ಬೇಕಾಯಿತು.

"ಕುದುರೆ ಓಡಿಹೋಯ್ತಾ? ಗಂಡಿನ ಸಮೇತ?" ಎಂದು ಕೂಗಿದರು. ಆಮೇಲೆ ಅವರು ನಕ್ಕ ನಗುವಿಗೆ ಮೇಲಿನ ಮನೆಯವರು ಇಣುಕಿ ನೋಡಿದರಂತೆ.

ಊಟಕ್ಕೆ ಕೂತಾಗ ಅವರು ಮಗಳಿಗೆ ಮೆಲ್ಲಗೆ ಹೇಳಿದರು, "ಆ ಬಿಳಿ ಲೈಟು ಪರವಾಗಿಲ್ಲ ಬಿಡು. ನನ್ನ ಕಣ್ಣಿಗೂ ಒಳ್ಳೇದು."

ಡಾಕ್ಟರು ಮತ್ತೆ ನೋಡಬೇಕೆಂದ ದಿನ ಝರಣಾ ಉನ್ಮೇಶ್‌ನ ಜೊತೆ ಹೋದಳು. ಹಿಂದಿನ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಕೊಳವೆ ಇಳಿಸಿದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಡಾಕ್ಟರು ಒಂದು ಸಲ ನೋಡಿದರು, ಇನ್ನೊಂದು ಸಲ ನೋಡಿದರು.

"ಚೆನ್ನಾಗಿ ಕರಗಿದೆ. ಉಳಿದದ್ದೂ ಹೋಗುತ್ತೆ. ಕತ್ತರಿ ಬೇಡ, ಪರೀಕ್ಷೆಯೂ ಬೇಡ. ಇಷ್ಟು ನಿಯತ್ತಾಗಿ ಬಾಯಿ ಮುಚ್ಚಿಕೊಂಡ ಟೀಚರನ್ನ ನಾನು ಇವತ್ತೇ ನೋಡ್ತಿರೋದು. ಹೇಗೆ ಸಾಧ್ಯವಾಯ್ತು?"

"ಮನೇಲಿ ಮಾತಿಗೇನೂ ಕೊರತೆ ಆಗ್ಲಿಲ್ಲ," ಎಂದಳು ಝರಣಾ. ಬಹಳ ದಿನಗಳ ಮೇಲೆ ಆಡಿದ ಮಾತು, ತುಕ್ಕು ಹಿಡಿದ ಬಾಗಿಲು ತೆಗೆದಂತೆ ಬಂತು. ಆದರೂ ಬಂತು. ಹೊರಗೆ ಸ್ಕೂಟರ್ ಹತ್ತಿರ ನಿಂತು ಉನ್ಮೇಶ್ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಅವನಿಗೂ ಅಷ್ಟು ಭಯವಿತ್ತೆಂದು ಅವಳಿಗೆ ಆಗಲೇ ತಿಳಿದದ್ದು.

ದಾರಿಯಲ್ಲಿ ನಿಂತು ಇಬ್ಬರೂ ಸೇವ್-ಉಸಳ್ ತಿಂದರು. ಖಾರ ಬೇಡ ಎಂದು ಅವನು, ಇವತ್ತೊಂದು ದಿನ ಎಂದು ಅವಳು.

ಮನೆಗೆ ಬಂದಾಗ ಅತ್ತೆ-ಮಾವ ಹಾಲ್‌ನಲ್ಲಿ ಎದುರುಬದುರು ಕೂತು ಉಂಧಿಯೂ ಪಲ್ಯಕ್ಕೆ ತರಕಾರಿ ಬಿಡಿಸುತ್ತಿದ್ದರು. ಕನ್ನಡಿಯಲ್ಲಿ ಅವಳನ್ನು ಕಂಡು ಅತ್ತೆ ತಿರುಗುವ ಮುಂಚೆಯೇ ಕೇಳಿದರು, "ಏನಂದ್ರು?" ಝರಣಾ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೈಯಲ್ಲಿ ಹೇಳಿದಳು: ಕರಗಿದೆ, ಕತ್ತರಿ ಇಲ್ಲ, ಭಯ ಇಲ್ಲ. ಆಮೇಲೆ ಖುಷಿಗೆ ಬಾಯಿ ತೆಗೆದು, "ಮಮ್ಮಿ! ಪಪ್ಪಾ!" ಎಂದು ಕೂಗಿಯೇಬಿಟ್ಟಳು.

ಪ್ರಬೋಧಭಾಯಿ ತಲೆ ಓರೆ ಮಾಡಿ, ಕಿವಿಗೆ ಅಂಗೈ ಹಿಡಿದು, ಗಂಭೀರವಾಗಿ ಕೇಳಿಸಿಕೊಂಡ ಹಾಗೆ ನಟಿಸಿದರು. "ಧ್ವನಿ ಬಂತು ಅಂತೀಯ. ನನಗೇನೋ ಮೊದಲಿನ ಹಾಗೇ ಇದೆ, ಒಂದಿಷ್ಟೂ ವ್ಯತ್ಯಾಸ ಗೊತ್ತಾಗ್ತಿಲ್ಲ."

ಉನ್ಮೇಶ್ ಗೋಡೆಗೆ ಒರಗಿ ನಕ್ಕ. ವಿನೋದಿ‌ನಿಬೆನ್ ಎದ್ದು ಬಂದು ಸೊಸೆಯ ಗಂಟಲಿನ ಮೇಲೆ ಅಂಗೈ ಇಟ್ಟು, "ಇನ್ನೊಂದು ಸಲ ಅನ್ನು," ಎಂದರು. ಝರಣಾ ಮೆಲ್ಲಗೆ "ಮಮ್ಮಿ" ಎಂದಳು. ಅತ್ತೆ ಅಂಗೈಯಲ್ಲಿ ಆ ನಡುಕವನ್ನು ಹಿಡಿದು ನೋಡಿ, ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿದರು.

ಅಷ್ಟರಲ್ಲಿ ಫೋನ್ ಮಿಣುಕಿತು. ಭರೂಚ್‌ನಿಂದ ಪಾರುಲ್, ಪರದೆಯ ಮೇಲೆ ಮುಖ ಊದಿಸಿಕೊಂಡು ಕೈಬೀಸುತ್ತಿದ್ದಳು. "ಎಲ್ಲಿ? ಹಾಸಿಗೆ ಹಾಸಿ ಕಾಯ್ತಿದೀನಿ, ಇವತ್ತು ಬರ್ತೀವಿ ನಾಳೆ ಬರ್ತೀವಿ ಅಂತ! ಬರ್ತೀರೋ ಇಲ್ವೋ?"

ವಿನೋದಿನಿಬೆನ್ ಫೋನನ್ನು ಮೇಜಿನ ಮೇಲೆ ತರಕಾರಿ ಬುಟ್ಟಿಗೆ ಒರಗಿಸಿ ನಿಲ್ಲಿಸಿದರು, ಎರಡೂ ಕೈ ಬಿಡುವಾಗಲಿ ಎಂದು. "ನಾವು ಬರಲ್ಲ. ನಿನ್ನ ಹಾಲ್ ತುಂಬ ಚಿಕ್ಕದು. ಉತ್ತರಾಯಣಕ್ಕೆ ಗಂಡ-ಮಕ್ಕಳನ್ನ ಕರ್ಕೊಂಡು ನೀನೇ ಬಾ."

ಪಾರುಲ್ ಅತ್ತಿಗೆಯನ್ನು ಕೊಡಿ ಎಂದಳು. ಝರಣಾ ಕೆಂಪು ಕುರ್ಚಿಯೊಂದನ್ನು ಎಳೆದುಕೊಂಡು ಫೋನಿನ ಮುಂದೆ ಕೂತಳು. ಧ್ವನಿ ಬಂದಿತ್ತು, ಆದರೂ ಕೈಯಲ್ಲೇ ಶುರು ಮಾಡಿದಳು. ಹೇಳುವುದು ಬಹಳವಿತ್ತು.